ಕೊಸರು

ಉರ್ವದ ನಮ್ಮ ಓಣಿಗೆ ಜಲಜಕ್ಕ ಬರುವುದು
ಶಾಲೆಯ ವ್ಯಾನಿಗಿಂತ ಹತ್ತು ನಿಮಿಷ ಮೊದಲು.
ತಲೆಯಿಂದ ಇಳಿಸಿದ ಬೋಗುಣಿಯ ಮೇಲೆ ಒದ್ದೆ ಗೋಣಿತಾಟು,
ಅದರಡಿ ಐಸು, ಐಸಿನಡಿ ಬಂಗುಡೆ,
ಬೆನ್ನ ಮೇಲೆ ಇನ್ನೂ ಆರದ ಹಸಿರು ಗೆರೆ.

ನೂರಕ್ಕೆ ಐದು. ಅವಳೊಡನೆ ಚೌಕಾಶಿ ಮಾಡಿ
ಸೋತು ಅಭ್ಯಾಸ ನನಗೆ. ಇನ್ನೂರು ಕೊಟ್ಟೆ.
ಎಣಿಸತೊಡಗಿದಳು,
ಒಂಜಿ, ರಡ್ಡ್, ಮೂಜಿ, ನಾಲ್, ಐನ್, ಆಜಿ,
ಅಷ್ಟರಲ್ಲಿ ಸೊಂಟದ ಚೀಲದೊಳಗೆ ಮೊಬೈಲು ಬಡಕೊಂಡಿತು.
ದಕ್ಕೆಯಿಂದ ಮಗ. ಬೋಟು ಬಂತಂತೆ, ಐಸು ಸಾಲದಂತೆ.
ಫೋನನ್ನು ಭುಜಕ್ಕೊತ್ತಿ ಬೈಯುತ್ತಲೇ ಮತ್ತೆ ಕೈ ಹಾಕಿದಳು,
ಆಜಿ, ಏಳ್, ಎಣ್ಮ, ಒರ್ಂಬ, ಪತ್ತ್.

ನನ್ನ ನೈಟಿಗೆ ಜೋತುಬಿದ್ದಿದ್ದ ಪ್ರಖ್ಯಾತ
(ಹೆಸರಿಟ್ಟದ್ದು ಅವನ ಅತ್ತೆ. ವಯಸ್ಸು ಆರು.
ಖ್ಯಾತಿ ಸದ್ಯಕ್ಕೆ ಓಣಿಯ ನಾಯಿಗಳವರೆಗೆ)
ಮೆಲ್ಲಗೆ ಎಳೆದ:
ಅಮ್ಮಾ, ಆಜಿ ಎರಡು ಸಲ ಬಂತು.

ಕೇಳಿಸಿತ್ತು ನನಗೂ.
ಪಾತ್ರೆಗೆ ತಟ್ಟೆ ಮುಚ್ಚಿ ಒಳಗೆ ಬಂದ ಮೇಲೆ ಹೇಳಿದೆ,
ಅದು ಕೊಸರು, ಮಗಾ.
ಕೊಸರು ಅಂದ್ರೆ?
ಹೆಚ್ಚಿಗೆ ಬರುವುದು. ಸುಮ್ಮನೆ. ಲೆಕ್ಕಕ್ಕಿಲ್ಲದ್ದು.
ರಾತ್ರಿ ಆ ಹನ್ನೊಂದನೆಯದನ್ನು ಗರಿಗರಿ ಹುರಿದು
ಅವನ ತಟ್ಟೆಗೇ ಹಾಕಿದೆ, ಮುಳ್ಳು ಬಿಡಿಸಿ.

ಬುಧವಾರ ಅವನ ಪೆನ್ಸಿಲ್ ಡಬ್ಬಿಯಲ್ಲಿ
ಸ್ಟ್ರಾಬೆರಿ ಪರಿಮಳದ ಒಂದು ರಬ್ಬರು.
ನಾನು ತಂದದ್ದಲ್ಲ.
ಯಾರದ್ದು?
ರಿಶೆಲ್‌ದು.
ಕೊಟ್ಟಳಾ?
ಬೆಂಚಿನಡಿ ಬಿದ್ದಿತ್ತು. ಅವಳು ನೋಡ್ಲಿಲ್ಲ.
ಮತ್ತೆ?
ಮತ್ತೆ ಎಂಥ, ಕೊಸರು.

ಕೈ ಎತ್ತಿದ್ದು ನಿಜ. ಎತ್ತಿದ ಕೈಯ ಹಿಂದೆ
ಶಾಲೆಯವರು ಕೊಟ್ಟ ಕ್ಯಾಲೆಂಡರು, ತಿಂಗಳಿಗೊಂದು ನೀತಿ.
ಈ ತಿಂಗಳದ್ದು ‘ಸತ್ಯವನ್ನೇ ನುಡಿ’,
ಅದರ ಮೇಲೆ ಅಡ್ಡಡ್ಡ ಹಾಲಿನ ಲೆಕ್ಕ ಗೀಚಿದವಳು ನಾನೇ.
ಅವನ ಮುಖದಲ್ಲಿ ಕಳ್ಳತನ ಇರಲಿಲ್ಲ,
ಅದೇ ನನ್ನನ್ನು ಹೆದರಿಸಿದ್ದು.
ಹೊಸ ಪದ ಕಲಿತವನ ಖುಷಿ ಇತ್ತು,
ಸರಿಯಾದ ಜಾಗದಲ್ಲಿ ಬಳಸಿದೆನಲ್ಲ ಎಂದು.

ಒಂದು ಬಂಗುಡೆಗೆ ಇಷ್ಟು ರಾಮಾಯಣವಾ ಮಾರಾಯ್ತಿ,
ಅಂದರು ಇವರು, ಗೋಡೆಯ ಕಡೆ ತಿರುಗಿ ಮಲಗಿದರು.
ನಾನು ಫ್ಯಾನು ನೋಡುತ್ತ ಮಾತು ಜೋಡಿಸಿದೆ.
ಮೊನ್ನೆ ಗಡಿಬಿಡಿಯಲ್ಲಿ... ಅಲ್ಲ.
ನಂಗೂ ಆಮೇಲೆ ಗೊತ್ತಾದದ್ದು... ಅಲ್ಲ.

ಗುರುವಾರ ಗೇಟಿನ ಬಳಿ,
ಯೂನಿಫಾರ್ಮಿನ ಹುಡುಗನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಹೇಳಿದೆ:
ಜಲಜಕ್ಕಾ, ಸೋಮವಾರ ನಿಮ್ಮ ಎಣಿಕೆ ತಪ್ಪಿತ್ತು.
ಹನ್ನೊಂದು ಬಂದಿತ್ತು. ಗೊತ್ತಿದ್ದೂ ಇಟ್ಟುಕೊಂಡೆ.
ಕೊನೆಯ ಮೂರು ಪದ ಹೊರಬರಲು
ಎದುರುಮನೆಯ ಸ್ಕೂಟರು ಸ್ಟಾರ್ಟಾಗುವಷ್ಟು ಹೊತ್ತು ಬೇಕಾಯಿತು.

ಅವಳು ಬೈಯಲಿಲ್ಲ. ಹೊಗಳಲೂ ಇಲ್ಲ.
ಹಾಗಾದ್ರೆ ಆ ಇಪ್ಪತ್ತು ಇಲ್ಲಿಯಾ ಇದ್ದದ್ದು,
ರಾತ್ರಿ ಮೂರು ಸಲ ಎಣಿಸಿದೆ ಮಾರಾಯ್ರೆ,
ಸೊಸೆಯ ಮೇಲೆ ಸಂಶಯ ಪಟ್ಟೆ.
ನೋಟು ಮಡಚಿ ಚೀಲಕ್ಕೆ ಸೇರಿಸಿ, ಬಾಯಿಯ ದಾರ ಎಳೆದಳು.

ಪ್ರಖ್ಯಾತ ಬೋಗುಣಿಯೊಳಗೆ ಇಣುಕಿದ:
ಇವತ್ತು ಕೊಸರು ಇಲ್ವಾ?
ಕೊಸರು ನನ್ನ ಬಾಯಲ್ಲಿ ಬರ್ಬೇಕು ಪುಳ್ಳೀ,
ನಿನ್ನ ಅಮ್ಮನ ಬಾಯಲ್ಲಿ ಅಲ್ಲ.
ಮತ್ತು ಇವತ್ತು ಇಲ್ಲ.
ನಕ್ಕಳು, ಸಿಂಬಿ ಸರಿಮಾಡಿ ಎದ್ದು ಹೋದಳು.

ವ್ಯಾನು ಹತ್ತುವಾಗ ಅವನ ಮುಷ್ಟಿಯಲ್ಲಿ ರಬ್ಬರು.
ನೀನೇ ಕೊಡಬೇಕು, ನೀನೇ ಹೇಳಬೇಕು, ಅಂದಿದ್ದೆ.
ಟೀಚರಿಗೆ ಫೋನು ಮಾಡೋಣವೆಂದು ಎರಡು ಸಲ ಮೊಬೈಲು ಎತ್ತಿ
ಎರಡು ಸಲವೂ ಕುಕ್ಕರಿನ ಪಕ್ಕ ಇಟ್ಟೆ.

ಸಂಜೆ ಚಪ್ಪಲಿ ಬಿಚ್ಚುವ ಮೊದಲೇ ಅಂಗೈ ತೆರೆದ.
ಅರ್ಧ ರಬ್ಬರು. ಅಂಚು ಹಲ್ಲಲ್ಲಿ ಕಚ್ಚಿದಂತೆ ವಕ್ರ.
ರಿಶೆಲ್ ತುಂಡು ಮಾಡಿ ಕೊಟ್ಟಳು, ಅಮ್ಮಾ.
ಅವಳೇ ಹೇಳಿದ್ದು, ಅವಳ ಬಾಯಲ್ಲಿ.

ಹೌದಾ, ಅಂದೆ.
ಅವನು ನನ್ನ ಮುಖವನ್ನೇ ನೋಡುತ್ತಿದ್ದ,
ಇನ್ನೂರು ಕೊಟ್ಟವರು
ಜಲಜಕ್ಕನ ಕೈಯನ್ನು ನೋಡುವ ಹಾಗೆ.
ಸರಿ, ಅಂದೆ. ಡಬ್ಬಿಯಲ್ಲಿಡು.