ಅನುಪಾನ

ಜೋಗಿಮಟ್ಟಿಯ ಇಳಿಜಾರಲ್ಲಿ, ಅರಣ್ಯ ಇಲಾಖೆಯ ಪತ್ರ ಜೇಬಲ್ಲಿಟ್ಟುಕೊಂಡು,
ನೆಲಬೇವು ಕೊಯ್ದು ಗೋಣಿಗೆ ತುಂಬಿದ್ದು ದಾದಾಪೀರ್.
"ಬೇರು ಇರಲಿ ಮೇಡಂ, ಬರೋ ವರ್ಷಕ್ಕೆ."
ನಮ್ಮ ವಿಭಾಗದ ಜೀಪು ಓಡಿಸುವವನು,
ದಾವಣಗೆರೆಯ ಮಂಡಕ್ಕಿ ಭಟ್ಟಿಯ ಹೊಗೆಯಲ್ಲಿ ಬೆಳೆದವನು,
ಗುಟ್ಕಾ ಪ್ಯಾಕೆಟ್ಟನ್ನು ಹಲ್ಲಲ್ಲೇ ಹರಿಯುವವನು.

ನೆರಳಲ್ಲಿ ಒಣಗಿಸಿ, ಪುಡಿ ಮಾಡಿ,
ನೀರಲ್ಲೊಮ್ಮೆ ಮದ್ಯಸಾರದಲ್ಲೊಮ್ಮೆ ನೆನೆಸಿ ಬಸಿದೆ.
ಕಪ್ಪುಹಸಿರು, ಅಂಟಂಟು.
ಉಗುರಿಗೆ ತಾಕಿದರೆ
ರಾತ್ರಿಯ ಮುದ್ದೆಯೂ ಕಹಿ.

ಗಾಜಿನ ತಟ್ಟೆಯಲ್ಲಿ ಯಾರದೋ ನಾಲಗೆಯ ಕೋಶಗಳು.
ಆ ಮನುಷ್ಯ ತೀರಿಕೊಂಡು ಎಷ್ಟು ವರ್ಷವಾಯಿತೋ,
ನಾಲಗೆ ಮಾತ್ರ ಇಲ್ಲಿ, ಮೂವತ್ತೇಳು ಡಿಗ್ರಿಯ ಬೆಚ್ಚನೆಯಲ್ಲಿ
ಬೆಳೆಯುತ್ತಲೇ ಇದೆ, ಒಂದು ಮಾತೂ ಆಡದೆ.
ಮೂರು ಹನಿ. ಎರಡು ದಿನ.
ಅರ್ಧಕ್ಕರ್ಧ ಸತ್ತವು.
ನಾನು ಕುಣಿಯಲಿಲ್ಲ.
ತಟ್ಟೆಯೊಳಗೆ ಸೀಮೆಎಣ್ಣೆ ಸುರಿದರೂ ಸಾಯುತ್ತವೆ.

ತಟ್ಟೆಗೆ ಹೊಟ್ಟೆಯಿಲ್ಲ,
ಹೊಸ್ತಿಲಲ್ಲೇ ತಡೆದು ವಿಚಾರಿಸುವ ಯಕೃತ್ತಿಲ್ಲ.
ಮನುಷ್ಯನೊಳಗೆ ಈ ಕಹಿ
ನೀರಿಗೆ ಕರಗದು, ರಕ್ತಕ್ಕೆ ಸೇರದು,
ಬಂದ ದಾರಿಗೆ ಸುಂಕವಿಲ್ಲವೆಂದು ಹೊರಟುಬಿಡುತ್ತದೆ.

ನಾಲ್ಕು ವರ್ಷದಿಂದ ನನ್ನ ಕೆಲಸ ಇಷ್ಟೇ:
ಕಹಿಗೊಂದು ವಾಹನ ಹುಡುಕುವುದು.
ಕಾಳುಮೆಣಸಿನ ಸಾರ ಬೆರೆಸಿ ನೋಡಿದೆ.
ಕೂದಲನ್ನು ಸಾವಿರ ಸೀಳಿದರೆ ಒಂದು ಸೀಳಿನಷ್ಟು
ಸಣ್ಣ ಕೊಬ್ಬಿನ ಹನಿಯೊಳಗೆ ಬಚ್ಚಿಟ್ಟು ನೋಡಿದೆ.
ಹಳೆಯ ಪಂಡಿತರು ಅನುಪಾನ ಎಂದಿದ್ದಕ್ಕೆ
ನನ್ನ ಪ್ರಬಂಧದಲ್ಲಿ ಒಂದೂವರೆ ಸಾಲಿನ ಹೆಸರು.

ದಾದಾಪೀರ್ ಕೇಳಿ ನಕ್ಕ:
"ಬೆಣ್ಣೇಲಿ ಹಾಕಿ ಕೊಡೋದು ತಾನೆ?
ಅದನ್ನ ದಾವಣಗೆರೇಲಿ ಕೂತು ಓದಿ ಕಲೀಬೇಕಾ?"

ನಕ್ಕಾಗ ಕಂಡಿತು, ಬಲಗೆನ್ನೆಯ ಒಳಗೆ
ಸುಣ್ಣ ಬಳಿದಂಥ ಬಿಳಿ ಮಚ್ಚೆ.
ಎಷ್ಟು ದಿನದಿಂದ?
"ಉರಿಯಲ್ಲ. ಖಾರ ತಿಂದ್ರೆ ಮಾತ್ರ."
ಆಮೇಲೆ ಮೆಲ್ಲಗೆ, ಫ್ರಿಜ್ಜಿನ ಕಡೆ ನೋಡುತ್ತ:
"ಅದರಲ್ಲೊಂದು ಚಮಚ..."

ಇಲ್ಲ.
ಇಲಿಗೂ ಇನ್ನೂ ಕೊಟ್ಟಿಲ್ಲ ದಾದಾ.
ಹೇಳುವಾಗ ನನ್ನ ಬಾಯಿ ಒಣಗಿತ್ತು.
ಅವನೇ ಕೊಯ್ದ ಗಿಡ.

ಕೀಲಿ ಇಸಿದುಕೊಂಡು ಅವನನ್ನು ಪಕ್ಕಕ್ಕೆ ಕೂರಿಸಿದೆ.
ಚೂರು ಕತ್ತರಿಸಿ ನೋಡುವವರು
ಐದು ಗಂಟೆಯವರೆಗೆ ಇರುತ್ತಾರೆ ಆಸ್ಪತ್ರೆಯಲ್ಲಿ.
ಕ್ಲಚ್ಚು ತಪ್ಪಿ ಎರಡು ಸಲ ಜೀಪು ನಿಂತಿತು,
ಅವನು ಗೇರಿನತ್ತ ಕೈ ಚಾಚಿ ಹಿಂದೆಗೆದ.
ತೋಳಹುಣಸೆ ದಾಟುವಾಗ
ಜೇಬಿಂದ ಪ್ಯಾಕೆಟ್ಟುಗಳ ಮಾಲೆ ತೆಗೆದು ಕಿಟಕಿಯಾಚೆ ಹಿಡಿದ.
ಗಾಳಿಗೆ ಪಟಪಟ ಬಡಿಯುತ್ತಿತ್ತು.
ಬಿಡಲೂ ಇಲ್ಲ,
ಒಳಗೆ ಎಳೆದುಕೊಳ್ಳಲೂ ಇಲ್ಲ.