ಕೊಡುಗೆ, ಅನುದಾನ

ಬೊಕ್ಕಪಟ್ಣದ ಮೀನು ಮಾರ್ಕೆಟ್ಟಿಗೆ ಎರಡು ಬಾಗಿಲು.
ಎರಡರ ಮೇಲಿನ ಬೋರ್ಡೂ ನನ್ನ ಕೈಯದ್ದು.
ತೆಂಕಿನದ್ದು ಜಯಕರ ಮಾರ್ಲರ ಕೊಡುಗೆ,
ಬಡಗಿನದ್ದು ಪಾಲಿಕೆಯ ಅನುದಾನ.
ನಡುವೆ ಗೋಡೆಯಿಲ್ಲ. ಬಂಗುಡೆಯ ವಾಸನೆ ಒಂದೇ.

ಆ ವರ್ಷ ಊರಿಗೆ ಊರೇ ಕೈಕಟ್ಟಿ ಕೂತಿತ್ತು.
ದಕ್ಕೆಯಲ್ಲಿ ಬೋಟುಗಳು ಒಂದಕ್ಕೊಂದು ಒರಗಿ ನಿಂತಿದ್ದವು
ಬಸ್ಸು ತಪ್ಪಿದ ನೆಂಟರ ಹಾಗೆ.
ಬೀಡಿ ಬ್ರಾಂಚಿನವರು ವಾರಕ್ಕೆ ಮೂರೇ ದಿನ ಎಲೆ ಕೊಟ್ಟರು.
ನನ್ನ ಕುಂಚದ ಕೂದಲು ಡಬ್ಬಿಯಲ್ಲೇ ಗಟ್ಟಿಯಾಯಿತು.
ಹೊಸ ಅಂಗಡಿ ಏಳದ ಊರಲ್ಲಿ ಹೆಸರು ಬರೆಸುವವರು ಯಾರು?

ಯಾರಾದರೂ ಹಣ ಬಿಚ್ಚಬೇಕಿತ್ತು.
ಯಾರು ಅನ್ನುವುದು ಚಾದಂಗಡಿಯ ಜಗಳ.
‘ಇದ್ದವ ಕೊಡಲಿ ಮಾರ್ರೆ, ಸರ್ಕಾರ ಅಂದರೆ ತೂತು ಕೊಡಪಾನ,’
ಗಲ್ಲಾದಿಂದಲೇ ಬಾವುಂಞಿ.
‘ಇದ್ದವನಿಗೆ ಎಲ್ಲಿಂದ ಬಂತು, ಅದು ಹೇಳು ಮೊದಲು,’
ಗಾರೆಯ ಕೈಯೆತ್ತಿ ಬೋನಿಫಾಸ್ ಮೇಸ್ತ್ರಿ.
ನಾನು ಗೋಳಿಬಜೆಯನ್ನು ಚಟ್ನಿಗೆ ಅದ್ದುತ್ತಾ ಸುಮ್ಮನಿದ್ದೆ.
ನನಗೆ ಎರಡೂ ಕಡೆಯವರು ಗಿರಾಕಿಗಳು.

ಮೊದಲು ಬಂದದ್ದು ಮಾರ್ಲರೇ.
‘ಮಾತೃಶ್ರೀ ದಿವಂಗತ ಚೆನ್ನಕ್ಕೆಯವರ ಸ್ಮರಣಾರ್ಥ’,
ಅರ್ಕಾವತ್ತಿಗೂ ಚಿನ್ನದ ಬಣ್ಣ ಹಾಕಿಸಿದರು.
ಸಂಜೆಗೇ ನೋಟು ಎಣಿಸಿ ಕೊಟ್ಟರು, ಸುಳ್ಳು ಹೇಳಬಾರದು.
ಅದರಲ್ಲಿ ಮೂಲೆ ಹರಿದ ಒಂದು ನೂರು ರೂಪಾಯಿ
ವಾರಿಜ ತಿಂಗಳಾಯರ ಬುಟ್ಟಿಗೆ ಹೋಯಿತು,
ಅಲ್ಲಿಂದ ಐಸಿನವನಿಗೆ, ಐಸಿನವನಿಂದ ರಿಕ್ಷಾಕ್ಕೆ,
ರಿಕ್ಷಾದಿಂದ ಬಾವುಂಞಿಯ ಗಲ್ಲಾಪೆಟ್ಟಿಗೆಗೆ.
ಶನಿವಾರ ಚಿಲ್ಲರೆಯ ಜೊತೆ ನನ್ನ ಅಂಗೈಗೇ ತಿರುಗಿ ಬಂತು,
ನಾಲ್ಕು ಮನೆಯ ಒಲೆ ಹೊತ್ತಿಸಿ,
ಮೀನಿನ ವಾಸನೆ ಹಿಡಿದುಕೊಂಡು.

ಪಾಲಿಕೆಯದ್ದು ಬೇರೆ ಕತೆ.
ಕಾಮಗಾರಿಯ ಹೆಸರು, ಅಂದಾಜು ಮೊತ್ತ, ಗುತ್ತಿಗೆದಾರ,
ಆರಂಭದ ದಿನ, ಮುಗಿಯುವ ದಿನ,
ಬರೆದು ಬರೆದು ಭುಜ ಕಳಚಿತು.
ಒಬ್ಬರ ಸಹಿ ಸಿಕ್ಕಿದರೆ ಇನ್ನೊಬ್ಬರಿಗೆ ರಜೆ.
ಹದಿನಾಲ್ಕು ತಿಂಗಳಿಗೆ ಅರ್ಧ ಬಿಲ್ಲು ಬಂತು;
ಅಷ್ಟು ದಿನ ಹೆಂಡತಿಯ ಬೆಂಡೋಲೆ ಸೊಸೈಟಿಯ ಕಪಾಟಿನಲ್ಲಿ.

ಅಲ್ಲಿಗೇ ತೀರ್ಪು ಕೊಟ್ಟುಬಿಡುತ್ತಿದ್ದೆ.
ಆದರೆ ಜೂನಿನಲ್ಲಿ ನೀರು ಒಳಗೆ ನುಗ್ಗಿತು.
ವಾರಿಜಕ್ಕ ಮೀನಿನ ಪೆಟ್ಟಿಗೆಯ ಮೇಲೆ ಹತ್ತಿ
ಬಡಗಿನ ಬೋರ್ಡಿನ ಮೇಲೆ ಬೆರಳಿಟ್ಟು ಓದಿದರು:
‘ಹದಿನೆಂಟು ಲಕ್ಷದ ನಲ್ವತ್ತು ಸಾವಿರ. ಚರಂಡಿ ಸಹಿತ.
ಚರಂಡಿ ಎಲ್ಲಿ ಉಂಟು?’
ಹಿಂದೆ ಹನ್ನೊಂದು ಹೆಂಗಸರು, ಕೈಯಲ್ಲಿ ಮೀನಿನ ಕತ್ತಿ.
ಮೂರನೇ ದಿನ ಇಂಜಿನಿಯರು ಪ್ಯಾಂಟು ಮಡಚಿಕೊಂಡು ಬಂದರು.
ಚರಂಡಿ ಬಂತು, ಮುಕ್ಕಾಲು.

ತೆಂಕು ಬಾಗಿಲಲ್ಲಿ ಮಾಡಿನ ಶೀಟು ಸೋರಿ
ಹನಿ ನೇರ ಕಾಣೆಯ ಬುಟ್ಟಿಗೆ.
ಅವರು ತಲೆಯೆತ್ತಿ ಆ ಬೋರ್ಡನ್ನೂ ನೋಡಿದರು.
ತಾಯಿಯ ಹೆಸರು ಇತ್ತು. ತೀರಿಕೊಂಡ ತಾರೀಕು ಇತ್ತು.
ಮೊತ್ತ ಇರಲಿಲ್ಲ.
ಕೈಯನ್ನು ಸೆರಗಿಗೆ ಒರೆಸಿಕೊಂಡು, ಅಭ್ಯಾಸಬಲ,
ಒಮ್ಮೆ ಮುಗಿದರು.

ಬರೆಯುವಾಗ ನನಗೇ ಅದು ಹೊಳೆದಿರಲಿಲ್ಲ.
ಬೈಕಂಪಾಡಿಯ ಮಾರ್ಲರ ಕಾರ್ಖಾನೆಗೂ ಬೋರ್ಡು ಬರೆದವ ನಾನು.
ಹತ್ತು ವರ್ಷ ತೆರಿಗೆ ಮಾಫಿ ಎಂದು
ಉದ್ಘಾಟನೆಯ ದಿನ ಅವರೇ ಖುಷಿಯಲ್ಲಿ ಮೈಕಿನಲ್ಲಿ ಹೇಳಿದ್ದು.
ಆ ಹಣ ತೆರಿಗೆಯ ದಾರಿಯಲ್ಲಿ ಬಂದಿದ್ದರೆ
ಈ ಬಾಗಿಲಿಗೂ ಒಂದು ಮೊತ್ತ ಇರುತ್ತಿತ್ತು.
ಮಾಡು ಇರುತ್ತಿತ್ತೋ?
ಅದನ್ನು ಆಣೆ ಹಾಕಿ ಹೇಳಲಾರೆ.

ಉಳಿದರ್ಧ ಬಿಲ್ಲಿಗೆ ಗುರುವಾರ ಬನ್ನಿ ಅಂದಿದ್ದಾರೆ.
ಲಾಲ್‌ಬಾಗಿನ ಮೆಟ್ಟಿಲು ಹತ್ತುತ್ತೇನೆ,
ಗುಮಾಸ್ತನ ಮೇಜಿಗೆ ಗುದ್ದಿ ಕೂಗುತ್ತೇನೆ,
ಅವನೂ ಕೂಗುತ್ತಾನೆ.

ಮಾರ್ಲರ ಮನೆಯಲ್ಲಿ ಹಾಗಲ್ಲ.
ಹೋದರೆ ಕೂರಿಸಿ ಒಳ್ಳೆಯ ಚಾ ಕೊಡುತ್ತಾರೆ.
ಶೀಟು ಸೋರುವ ಸುದ್ದಿ ಬಾಯಿಗೆ ಬರುವಷ್ಟರಲ್ಲಿ
ಅದ್ದಿದ ಬಿಸ್ಕುಟು ಕರಗಿ
ಲೋಟದ ತಳ ಸೇರಿರುತ್ತದೆ.