ಬರೆದದ್ದು ಆಣೆಗೆ ಸೇರದು

ಕಾರವಾರದ ಮೀನುಪೇಟೆಯ ಬಾಗಿಲಲ್ಲೇ ನನ್ನ ಅಂಗಡಿ.
ರೀಚಾರ್ಜು, ಝೆರಾಕ್ಸು, ಒಡೆದ ಫೋನಿಗೆ ಹೊಸ ಗಾಜು,
ಬೋರ್ಡಿನಲ್ಲಿ ಬರೆಯದ ಇನ್ನೊಂದು ಕೆಲಸ:
ಬಂದದ್ದು ಓದಿ ಹೇಳುವುದು, ಹೇಳಿದ್ದು ಒತ್ತಿ ಕಳಿಸುವುದು.
ಇದಕ್ಕೆ ದರ ಇಟ್ಟಿಲ್ಲ. ಕೆಲವೊಮ್ಮೆ ನಾಲ್ಕು ನೋಗ್ಲಿ,
ಹಳೇ ಪೇಪರಿನಲ್ಲಿ ಸುತ್ತಿ, ಪ್ರಿಂಟರಿನ ಪಕ್ಕ.

ಶೆವಂತಿ ಚೆಂಡೇಕರ. ದ್ರೌಪದಿ ತಾಂಡೇಲ.
ಪೇಟೆಯೊಳಗೆ ಇಬ್ಬರ ನಡುವೆ ಎಂಟಡಿ ಸಿಮೆಂಟು,
ಒಂದು ಐಸಿನ ಪೆಟ್ಟಿಗೆ, ಅರ್ಧ ಇವಳದು, ಅರ್ಧ ಅವಳದು.
ಮೂರು ವರ್ಷದ ಹಿಂದೆ ಯಾವುದೋ ಗಿರಾಕಿ, ಯಾವುದೋ ಇಸೋಣ,
ಮೊದಲು ಕೂಗಿ ಕರೆದವರು ಯಾರು ಎಂಬ ತಕರಾರು
ಬೆಳೆದು ಬೆಳೆದು ಕೋಡಿಬಾಗ ಮುಟ್ಟಿತು.
ಖಾಪ್ರಿ ದೇವರ ಮುಂದೆ ಸಿಗರೇಟು ಹಚ್ಚಿಟ್ಟು
ಬೇರೆ ಬೇರೆ ದಿನ ಇಬ್ಬರೂ ಮಾಡಿದ್ದು ಒಂದೇ ಆಣೆ:
ಅವಳೊಡನೆ ಮಾತಾಡಲಾರೆ, ಅವಳ ದನಿ ಕೇಳಲಾರೆ.

ವಾಯ್ಸ್ ಕಳಿಸಿಬಿಡಿ, ಸುಲಭ, ಎಂದೆ ನಾನು.
ದೇವರಿಗೇ ಮೋಸ ಮಾಡಲು ಕಲಿಸುವವಳನ್ನು ನೋಡಿದಂತೆ
ನೋಡಿದಳು ಶೆವಂತಿ.
"ದನಿ ಅಂದ್ರೆ ದನಿಯೇ, ತಂಗೀ.
ಬರೆದದ್ದು ಆಣೆಗೆ ಸೇರೂದಿಲ್ಲ."

ಹಾಗಾಗಿ ಬೆಳಿಗ್ಗೆ ಏಳಕ್ಕೆ ಶೆವಂತಿ: ಬರಿ, ಐಸಿನ ದುಡ್ಡು ಇಡು.
ಏಳೂ ಹತ್ತಕ್ಕೆ ದ್ರೌಪದಿ, ಸೆರಗಿಗೆ ಕೈ ಒರೆಸಿ,
ಫೋನನ್ನು ಎರಡೇ ಬೆರಳಲ್ಲಿ, ಏಡಿ ಹಿಡಿದ ಹಾಗೆ:
ಏನೋ ಕುಂಯ್‌ ಅಂತು, ನೋಡು.
ಹತ್ತು ನಿಮಿಷದ ಹಿಂದೆ ನಾನೇ ಒತ್ತಿದ್ದನ್ನು
ಈಗಷ್ಟೇ ಕಂಡವಳಂತೆ ಹುಬ್ಬೇರಿಸಿ ಓದುತ್ತೇನೆ.
ಉತ್ತರವನ್ನೂ ನಾನೇ ಬರೆಯುತ್ತೇನೆ.
ಕೊಂಕಣಿಯ ಮಾತು, ಕನ್ನಡದ ಅಕ್ಷರ.
ಇಬ್ಬರಿಗೂ ಓದಲು ಬಾರದು,
ಆದರೂ ಕೊಂಬು, ದೀರ್ಘ ತಪ್ಪದಂತೆ.

ಆಗಸ್ಟಿನಲ್ಲಿ ಬೋಟುಗಳು ಇಳಿದ ಮೊದಲ ವಾರ,
ಶೆಟ್ಲಿಯ ದರ ಬಿದ್ದು, ಪೆಟ್ಟಿಗೆಯ ಮುಚ್ಚಳ ತೆರೆದೇ ಉಳಿದು
ಐಸೆಲ್ಲ ಚರಂಡಿಗೆ ಹೋದ ದಿನ
ಶೆವಂತಿ ಬಂದಳು. ಕೂರಲಿಲ್ಲ.
ಕುಸ್ಕೆ ತಾರ್ಲೆಯ ಮೋರೆಯಿಂದ ಶುರುಮಾಡಿ
ದ್ರೌಪದಿಯ ಅಜ್ಜಿಯ ಮೂಗುತಿಯವರೆಗೆ
ಒಂದೇ ಉಸಿರು.
ನನ್ನ ಹೆಬ್ಬೆರಳಿಗೆ ನಾಚಿಕೆಯಾಯಿತು. ಒತ್ತಿದೆ:
ದಯವಿಟ್ಟು ಮುಚ್ಚಳ ಹಾಕು. ನಷ್ಟ ಇಬ್ಬರಿಗೂ.

ದ್ರೌಪದಿಗೆ ಓದಿದೆ.
ಇನ್ನೊಮ್ಮೆ ಓದಿಸಿದಳು. ಮೋರೆ ಸಣ್ಣದಾಯಿತು.
"ಹುಷಾರಿಲ್ವಾ ಅವಳಿಗೆ?
ದಯವಿಟ್ಟು ಅಂದಳಾ ಶೆವಂತಿ? ನನಗೆ?
ಸಕ್ಕರೆ ಏರಿತಾ, ಸೊಸೆ ಏನಾದ್ರೂ ಅಂದಳಾ?"
ಪೇಟೆಯ ಬಾಗಿಲ ತನಕ ಹೋಗಿ, ಒಳಗೆ ಇಣುಕಿ, ತಿರುಗಿ ಬಂದಳು.
"ಕೂತಿದ್ದಾಳೆ. ನೊಣ ಓಡಿಸ್ತಾ ಇದ್ದಾಳೆ."
ಆಮೇಲೆ ಕಣ್ಣು ಕಿರಿದು ಮಾಡಿ ನನ್ನ ಕಡೆ:
"ತಂಗೀ, ಅವಳು ಹೇಳಿದ್ದನ್ನು ಓದು."

ಓದಿದೆ, ನೆನಪಿನಿಂದ, ಮೂಗುತಿಯವರೆಗೂ.
ಹಲ್ಲಿಲ್ಲದ ಕಡೆಯಿಂದ ನಕ್ಕಳು ದ್ರೌಪದಿ,
ಝೆರಾಕ್ಸಿಗೆ ನಿಂತ ಕಾಲೇಜು ಹುಡುಗರು ತಿರುಗುವಷ್ಟು.
"ಹಾಂ. ಇವಳು ಶೆವಂತಿ.
ಈಗ ಬರಿ. ಒಂದಕ್ಷರ ಬಿಟ್ಟೀಯ!"

ಅಂದಿನಿಂದ ಹೇಳಿದ್ದು ಹೇಳಿದ ಹಾಗೇ.
ಶೆವಂತಿಯ ಫೋನಿಗೆ ಮೊದಮೊದಲು ಗೊತ್ತಾಗುತ್ತಿರಲಿಲ್ಲ,
ಕೆಂಪು ಗೆರೆ ಎಳೆದು, ಕುಸುಮ ಇರಬಹುದೇ ಎನ್ನುತ್ತಿತ್ತು.
ಈಗ 'ಕು' ಒತ್ತಿದರೆ ಸಾಕು,
ಕುಸ್ಕೆ ಎಂದು ತಾನೇ ಕೊಡುತ್ತದೆ, ಹಿಂದೆಯೇ ತಾರ್ಲೆ,
ಅದರ ಹಿಂದೆ ಮೋರೆ.

ರಾತ್ರಿ ಶಟರು ಎಳೆಯುವ ಮೊದಲು
ವಾಸ್ಕೋದಲ್ಲಿ ಕ್ರೇನು ನಡೆಸುವ ನಮ್ಮವರಿಗೆ ನಾನೂ ಒಂದು ಕಳಿಸುತ್ತೇನೆ.
ಏನೂ ಒತ್ತುವ ಮೊದಲೇ ನನ್ನ ಫೋನು ಮುಂದಿಡುವುದು ಮೂರು:
ಸರಿ. ಆಯ್ತು. ಊಟ ಮಾಡಿ.
ಮೂರನೆಯದನ್ನು ಮುಟ್ಟುತ್ತೇನೆ. ನೀಲಿ ಗೀಟು ಎರಡು.
ಅತ್ತಲಿಂದ ಮೊದಲನೆಯದು ಬರುತ್ತದೆ.

ನಿನ್ನೆ, ಬೆರಳಿಗಿನ್ನೂ ನೋಗ್ಲಿಯ ವಾಸನೆ,
ಸುಮ್ಮನೆ 'ಕು' ಒತ್ತಿ ನೋಡಿದೆ.
ಕುಶಲ, ಎಂದಿತು.